ಗುರುತಿಲ್ಲದ ಸೀಸದ ಗಟ್ಟಿಗಳು: ಯಾವುದರಲ್ಲಿ ಏನಿದೆ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಬೀಸುಬಲೆ_ಕುಂದಾಪುರ

ನಮಸ್ಕಾರ ಎಲ್ಲರಿಗೂ. ಅಪ್ಪ ನಡೆಸುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿ ಬಹಳ ವರ್ಷ ಆಯ್ತು. ಈಗ ಆ ಕಟ್ಟಡ ಬಿಟ್ಟುಕೊಡಬೇಕಾಗಿದೆ. ಹಿಂದಿನ ಕೋಣೆಯಲ್ಲಿ ಗೋಣಿಚೀಲದೊಳಗೆ ಒಂದಷ್ಟು ಗಟ್ಟಿಗಳು ಸಿಕ್ಕಿವೆ. ಯಾವುದರ ಮೇಲೂ ಅಕ್ಷರ, ಸೀಲು, ನಂಬರು ಏನೂ ಇಲ್ಲ. ಕೆಲವು ಅಪ್ಪನೇ ಹಳೆ ಮೊಳೆ (ಅಚ್ಚು ಹಾಕುವ ಸೀಸದ ಅಕ್ಷರ) ಕರಗಿಸಿ ಹೊಯ್ದದ್ದು ಇರಬೇಕು, ಕೆಲವು ಗುಜರಿಯಿಂದ ತಂದದ್ದೂ ಇರಬಹುದು. ಕೇಳೋಣ ಅಂದರೆ ಅಪ್ಪ ಈಗಿಲ್ಲ.

ನೋಡಲು ನಾಲ್ಕು ಬಗೆ. ಒಂದು ಬೂದು ಬಣ್ಣ, ಅಂಚು ಚೂಪಾಗಿದೆ. ಇನ್ನೊಂದು ಕಡುಬೂದು, ಉಗುರಲ್ಲೇ ಗೀರು ಬೀಳುತ್ತದೆ. ಮೂರನೆಯದು ಸಣ್ಣ ಸಣ್ಣ ಪಟ್ಟಿ, ಬೆಳ್ಳಗೆ ಹೊಳೆಯುತ್ತದೆ. ನಾಲ್ಕನೆಯದೂ ಬೆಳ್ಳಗೇ ಇದೆ, ಆದರೆ ಗಡಸು ಜಾಸ್ತಿ, ಕೈಯಲ್ಲಿ ಹಿಡಿದರೆ ಸೀಸದಷ್ಟು ಭಾರ ಅನ್ನಿಸುವುದಿಲ್ಲ.

ನನಗೆ ಬೇಕಿರುವುದು ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಮಾಡಲು ಮೆತ್ತಗಿನ ಸೀಸ. ಹಗ್ಗಕ್ಕೆ ಸುತ್ತಿ ಅಮುಕಿದರೆ ಬಿರುಕು ಬಿಡಬಾರದು. ಮೊಳೆಯ ಲೋಹ ಏನಾದರೂ ಇದ್ದರೆ ಅದನ್ನು ಗುಂಡು ಮಾಡಿ ಹಾಳು ಮಾಡುವುದೂ ಬೇಡ, ಅದು ಬೇಕಾದವರು ಇದ್ದಾರಂತೆ. ಇದರ ನಡುವೆ ನಮ್ಮ ಚಿಕ್ಕಮ್ಮ ಆ ಬೆಳ್ಳಗಿನ ಪಟ್ಟಿ ನೋಡಿ "ಇದು ತವರ ಅಲ್ವಾ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಲು ಕೊಡು" ಅನ್ನುತ್ತಿದ್ದಾರೆ. ಕೊಡಬಹುದಾ?

ನನ್ನ ಹತ್ತಿರ ಇರುವುದು 5 ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿ, ಅರ, ಸುತ್ತಿಗೆ, ಇಷ್ಟೇ. ಗೊತ್ತಿದ್ದವರು ದಾರಿ ಹೇಳಿ.

ಎರಕದ_ಮನೆ

ಚಿಕ್ಕಮ್ಮನ ಪ್ರಶ್ನೆಗೆ ಮೊದಲು ಉತ್ತರ: ಕೊಡಬೇಡಿ. ನೀವು ಏನೇ ಪರೀಕ್ಷೆ ಮಾಡಿ, ಅದು ಅಪ್ಪಟ ತವರ ಅಂತಲೇ ಅನ್ನಿಸಲಿ, ಆದರೂ ಕೊಡಬೇಡಿ. ಕಲಾಯಿಗೆ ನವಸಾಗರ ಹಾಕಿ ಉಜ್ಜಿ ಬಳಿಯುವ ತವರ ಅಡುಗೆಗೆ ನೇರವಾಗಿ ತಾಗುತ್ತದೆ. ಅದರಲ್ಲಿ ಸ್ವಲ್ಪ ಸೀಸ ಇದ್ದರೂ ಹುಳಿ ಹಾಕಿದ ಸಾರು, ಮಜ್ಜಿಗೆ ಅದನ್ನು ಎಳೆದುಕೊಳ್ಳುತ್ತವೆ. ನೂರಕ್ಕೆ ಎರಡು ಭಾಗ ಸೀಸ ಇರುವುದನ್ನು ಮನೆಯ ತಕ್ಕಡಿ ಕಂಡುಹಿಡಿಯುವುದಿಲ್ಲ. ಕಲಾಯಿಗೆ ಬಿಲ್ ಇರುವ ಶುದ್ಧ ತವರ ಕೊಂಡು ತನ್ನಿ.

ಈಗ ಗಟ್ಟಿಗಳ ವಿಷಯ. ಒಂದೇ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಸಾಂದ್ರತೆ ನೋಡಬೇಕು, ಆಮೇಲೆ ಗಡಸು ಎಷ್ಟು ಅಂತ ನೋಡಬೇಕು, ಬೇಕಾದರೆ ಕರಗಿಸಿ ಅದು ಹೇಗೆ ಹೆಪ್ಪುಗಟ್ಟುತ್ತದೆ ಅಂತ ನೋಡಬೇಕು.

ಸಾಂದ್ರತೆಗೆ ನಿಮ್ಮ ತಕ್ಕಡಿ ಸಾಕು. ಮೊದಲು ಒಣ ಗಟ್ಟಿ ತೂಗಿ ಬರೆದಿಟ್ಟುಕೊಳ್ಳಿ. ಒಂದು ಹಗುರ ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಗಟ್ಟಿಯನ್ನು ತೆಳು ದಾರದಲ್ಲಿ ಕಟ್ಟಿ ಮೇಲಿನಿಂದ ಇಳಿಬಿಡಿ, ಪೂರ್ತಿ ಮುಳುಗಬೇಕು, ಆದರೆ ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ದಾರವನ್ನು ಕೈಯಲ್ಲಿ ಹಿಡಿದರೆ ಅಲ್ಲಾಡುತ್ತದೆ, ಒಂದು ಕೋಲಿಗೆ ಕಟ್ಟಿ ಎರಡು ಕುರ್ಚಿ ನಡುವೆ ಇಟ್ಟರೆ ಒಳ್ಳೆಯದು. ಗಟ್ಟಿಯ ಭಾರವನ್ನು ಕೋಲು ಹೊರುತ್ತದೆ, ತಕ್ಕಡಿ ತೋರಿಸುವುದು ಗಟ್ಟಿ ಸರಿಸಿದ ನೀರಿನ ತೂಕ ಮಾತ್ರ. ಅಷ್ಟು ಗ್ರಾಂ ಅಂದರೆ ಗಟ್ಟಿಯ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಣ ತೂಕವನ್ನು ಅದರಿಂದ ಭಾಗಿಸಿ, ಸಾಂದ್ರತೆ ಸಿಕ್ಕಿತು. ನೀರಿಗೆ ಒಂದು ತೊಟ್ಟು ಸೋಪು ಹಾಕಿದರೆ ಗಾಳಿಗುಳ್ಳೆ ಅಂಟುವುದಿಲ್ಲ.

ಶುದ್ಧ ಸೀಸ 11.34. ತವರ 7.29. ಸತು 7.14. ಸೀಸವನ್ನು ಗಡಸು ಮಾಡಲು ಬೆರೆಸುವ ಆಂಟಿಮನಿ ಅನ್ನುವ ಲೋಹ 6.69. ಸೀಸಕ್ಕೆ ಏನೇ ಬೆರೆತರೂ ಸಾಮಾನ್ಯವಾಗಿ ಸಂಖ್ಯೆ ಇಳಿಯುತ್ತದೆ. ನೂರಕ್ಕೆ ನಾಲ್ಕು ಆಂಟಿಮನಿ ಸೇರಿದರೆ ಸುಮಾರು 11.03. ಅರ್ಧ ಸೀಸ ಅರ್ಧ ತವರದ ಬೆಸುಗೆ ಲೋಹ 8.9ರ ಹತ್ತಿರ. ಇಡೀ ಸಾಲನ್ನೇ ಒಟ್ಟಿಗೆ ಎರಕ ಹೊಯ್ಯುವ ಲೈನೊಟೈಪ್ ಯಂತ್ರದ ಲೋಹ, ಅಂದರೆ 4 ಭಾಗ ತವರ, 12 ಭಾಗ ಆಂಟಿಮನಿ, ಉಳಿದದ್ದು ಸೀಸ, ಅದು 10.3ರ ಹತ್ತಿರ ಬರುತ್ತದೆ. ಒಂದೊಂದಾಗಿ ಅಕ್ಷರದ ಮೊಳೆ ಎರಕ ಹೊಯ್ಯುವ ಲೋಹದಲ್ಲಿ ಆಂಟಿಮನಿ, ತವರ ಇನ್ನೂ ಜಾಸ್ತಿ, ಹಾಗಾಗಿ ಇನ್ನೂ ಹಗುರ.

ಇಲ್ಲೇ ಜನ ಎಡವುವುದು. ನೂರಕ್ಕೆ ಇಪ್ಪತ್ತು ತವರ ಇರುವ ಬೆಸುಗೆ ಲೋಹದ ಸಾಂದ್ರತೆ 10.2. ಲೈನೊಟೈಪ್‌ನದು 10.3. ನಿಮ್ಮ ತಕ್ಕಡಿಗೆ ಎರಡೂ ಒಂದೇ. ಒಳಗೆ ಗಾಳಿಗೂಡು ಇರುವ ಸಾದಾ ಸೀಸವೂ ಅಲ್ಲಿಗೇ ಬರಬಹುದು. ಅದಕ್ಕೇ ಬರೀ ಸಾಂದ್ರತೆ ನೋಡಿ ತೀರ್ಮಾನ ಮಾಡಬೇಡಿ. ಗಟ್ಟಿಯ ಒಂದು ಮೂಲೆಯನ್ನು ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯಿರಿ. ಬೆಸುಗೆ ಲೋಹ ಬಾಗುತ್ತದೆ. ಲೈನೊಟೈಪ್ ಪಟ್ ಅಂತ ಮುರಿಯುತ್ತದೆ, ಮುರಿದ ಜಾಗ ಸಕ್ಕರೆ ಅಚ್ಚು ಮುರಿದ ಹಾಗೆ ಸಣ್ಣ ಹರಳು ಹರಳಾಗಿ ಕಾಣುತ್ತದೆ.

ಇನ್ನೊಂದು ಸುಲಭದ್ದು ಪೆನ್ಸಿಲ್ ಪರೀಕ್ಷೆ. ಚಿತ್ರ ಬರೆಯುವವರ ಪೆನ್ಸಿಲ್ ಸೆಟ್ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, 6ಬಿ ಇಂದ ಎಚ್‌ವರೆಗೆ; 6ಬಿ ಎಲ್ಲಕ್ಕಿಂತ ಮೆತ್ತಗೆ, ಎಚ್ ಗಡಸು. ಗಟ್ಟಿಯನ್ನು ಅರದಿಂದ ಸ್ವಲ್ಪ ಉಜ್ಜಿ ಹೊಸ ಮೈ ಕಾಣಿಸಿ, ಪೆನ್ಸಿಲ್ ತುದಿಯನ್ನು ಚಪ್ಪಟೆ ಮಾಡಿ ಓರೆಯಾಗಿ ಹಿಡಿದು ಮುಂದಕ್ಕೆ ದೂಡಿ. ಮೆತ್ತಗಿನದರಿಂದ ಶುರು ಮಾಡಿ. ಯಾವ ಪೆನ್ಸಿಲ್ ಮೊದಲು ಲೋಹವನ್ನು ಕೆತ್ತುತ್ತದೋ ಅದು ಲೆಕ್ಕ. ಶುದ್ಧ ಸೀಸವನ್ನು 6ಬಿ, 5ಬಿಗಳೇ ಕೆತ್ತುತ್ತವೆ. ಲೈನೊಟೈಪ್‌ಗೆ ಎಫ್ ಅಥವಾ ಎಚ್ ಬೇಕಾಗುತ್ತದೆ. ಕಂಪನಿಯಿಂದ ಕಂಪನಿಗೆ ಪೆನ್ಸಿಲ್ ವ್ಯತ್ಯಾಸ ಇರುತ್ತದೆ, ಆದರೆ ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಅಂದರೆ ಗೊಂದಲ ಆಗುವುದಿಲ್ಲ.

ನಾಲ್ಕನೆಯ ಬಗೆ ಮೇಲೆ ನನಗೆ ಅನುಮಾನ ಇದೆ. ಅದನ್ನು ಬೇರೆ ಇಡಿ. ಕರಗಿಸುವ ಪಾತ್ರೆ ಹತ್ತಿರ ತರಲೇಬೇಡಿ. ಮೊದಲು ಅಳತೆ ಹಾಕಿ, ಆಮೇಲೆ ಮಾತಾಡೋಣ.

ಮೊಳೆಪೆಟ್ಟಿಗೆ

ನಾನು ಕಂಪೋಸಿಂಗ್ ಕೆಲಸದಲ್ಲೇ ಬೆಳೆದವನು, ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಪ್ರೆಸ್ಸಿನಿಂದ ಬಂದ ಗಟ್ಟಿ ಅಂದರೆ ಎಲ್ಲ ಒಂದೇ ಲೋಹ ಅಂದುಕೊಳ್ಳಬೇಡಿ. ಅಕ್ಷರದ ಮೊಳೆ ಬೇರೆ ಲೋಹ, ಸಾಲಿನ ನಡುವೆ ಹಾಕುವ ಲೆಡ್ ಪಟ್ಟಿ ಅದಕ್ಕಿಂತ ಮೆತ್ತಗಿನದು, ಬ್ಲಾಕಿನದು ಇನ್ನೊಂದು. ಕನ್ನಡಕ್ಕೆ ಒತ್ತಕ್ಷರ, ಗುಣಿತ ಎಲ್ಲ ಸೇರಿ ಮೊಳೆಗಳ ಸಂಖ್ಯೆ ಇಂಗ್ಲಿಷಿಗಿಂತ ಎಷ್ಟೋ ಜಾಸ್ತಿ. ಸಣ್ಣ ಒತ್ತುಗಳು ಬೇಗ ಮುರಿಯುತ್ತಿದ್ದವು. ಸವೆದದ್ದು, ಮುರಿದದ್ದು ಎಲ್ಲ ಒಂದು ಡಬ್ಬಕ್ಕೆ ಬೀಳುತ್ತಿತ್ತು. ಡಬ್ಬ ತುಂಬಿದ ಮೇಲೆ ಕೆಲವರು ಹಾಗೇ ತೂಕಕ್ಕೆ ಫೌಂಡ್ರಿಗೆ ಕೊಟ್ಟು ಹೊಸ ಮೊಳೆಗೆ ಲೆಕ್ಕ ಹಿಡಿಸುತ್ತಿದ್ದರು, ಕೆಲವರು ತಾವೇ ಕರಗಿಸಿ ಗಟ್ಟಿ ಮಾಡಿಟ್ಟುಕೊಳ್ಳುತ್ತಿದ್ದರು. ನಿಮ್ಮ ತಂದೆಯವರು ಎರಡನೆಯ ಸಾಲಿನವರು ಅಂತ ಕಾಣುತ್ತದೆ.

ಗಟ್ಟಿಯನ್ನು ತಿರುಗಿಸಿ ಮೇಲ್ಮೈ ಚೆನ್ನಾಗಿ ನೋಡಿ. ಮೊಳೆ ಕರಗಿಸಿದ ಗಟ್ಟಿಯಾದರೆ ಅದರಲ್ಲಿ ಕೆಲವು ಸಲ ಹಿತ್ತಾಳೆ ರೂಲಿನ (ಗೆರೆ ಮೂಡಿಸುವ ಪಟ್ಟಿಯ) ತುಂಡು ಸಿಕ್ಕಿಕೊಂಡಿರುತ್ತದೆ. ಆ ಶಾಖಕ್ಕೆ ಹಿತ್ತಾಳೆ ಕರಗುವುದಿಲ್ಲ, ಸೀಸಕ್ಕಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ, ಸರಿಯಾಗಿ ತೆಗೆಯದೆ ಹೊಯ್ದರೆ ಅಲ್ಲೇ ಉಳಿಯುತ್ತದೆ. ಪೂರ್ತಿ ಕರಗದ ಮೊಳೆಯ ಕಾಲು, ಅದರ ಮೈಯ ಕಚ್ಚು ಕೂಡ ಕಾಣುವುದುಂಟು. ಹಾಗೆ ಏನಾದರೂ ಕಂಡರೆ ಯಾವ ಪೆನ್ಸಿಲ್ಲಿಗಿಂತಲೂ ಅದೇ ಬಲವಾದ ಸಾಕ್ಷಿ. ಅಂಚು ಚೂಪಾಗಿದೆ ಅಂದಿರಲ್ಲ, ಅದೂ ಮೊಳೆ ಲೋಹದ ಗುಣವೇ. ಆಂಟಿಮನಿ ಇದ್ದರೆ ಹೆಪ್ಪುಗಟ್ಟುವಾಗ ಕುಗ್ಗುವುದು ಬಹಳ ಕಡಿಮೆ, ಅಚ್ಚಿನ ಮೂಲೆಮೂಲೆಯನ್ನೂ ತುಂಬುತ್ತದೆ. ಮೊಳೆಗೆ ಆ ಲೋಹ ಆರಿಸಿದ್ದೇ ಅದಕ್ಕೆ. ಸಿಮೆಂಟ್ ನೆಲದ ಮೇಲೆ ಬೀಳಿಸಿ ಸದ್ದನ್ನೂ ಕೇಳಿ. ಮೆತ್ತಗಿನ ಸೀಸ ದೊಪ್ ಅನ್ನುತ್ತದೆ, ಮೊಳೆ ಲೋಹಕ್ಕೆ ಟಣ್ ಅನ್ನುವ ದನಿ ಇದೆ.

ಒಂದು ಕೋರಿಕೆ. ಕರಗಿಸದ ಮೊಳೆ, ಮೊಳೆ ಜೋಡಿಸಿಡುವ ಮರದ ಕೇಸು ಇನ್ನೂ ಅಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದು ಪೂರ್ತಿ ಕನ್ನಡ ಫಾಂಟು ಈಗ ಹುಡುಕಿದರೂ ಸಿಗುವುದು ಕಷ್ಟ. ಮತ್ತೆ ಮರದ ಕೇಸಿನಲ್ಲಿ ವರ್ಷಗಟ್ಟಲೆ ಬಿದ್ದ ಮೊಳೆಗೆ ಬಿಳಿ ಪುಡಿ ಹಿಡಿದಿರುತ್ತದೆ. ಮರದಿಂದ ಬರುವ ಹುಳಿ ಆವಿಗೆ, ಥಂಡಿಗೆ ಸೀಸ ಹಾಗಾಗುತ್ತದೆ. ನಿಮ್ಮ ಕಡೆ ಮಳೆಗಾಲಕ್ಕೆ ಅದು ಇನ್ನೂ ಜಾಸ್ತಿ. ಆ ಪುಡಿಯನ್ನು ಊದಬೇಡಿ, ಒಣ ಬ್ರಶ್ಶಿನಲ್ಲಿ ಗುಡಿಸಬೇಡಿ. ಅದು ಸೀಸವೇ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಎರಡು_ಮಕ್ಕಳ_ತಾಯಿ

ನಾನು ಆರೋಗ್ಯ ಇಲಾಖೆಯ ಕೆಲಸದಲ್ಲಿದ್ದೇನೆ. ಲೋಹದ ವಿಷಯ ನೀವೆಲ್ಲ ಚೆನ್ನಾಗಿ ಹೇಳಿದ್ದೀರಿ, ನಾನು ಮನೆಯ ವಿಷಯ ಹೇಳುತ್ತೇನೆ.

ಅಣ್ಣ, ಆ ತಕ್ಕಡಿ ಅಡುಗೆಮನೆಯದ್ದಾ? ಹಾಗಿದ್ದರೆ ಈ ಕೆಲಸಕ್ಕೆ ಬಳಸಿದ ಮೇಲೆ ಮತ್ತೆ ಒಳಗೆ ತರಬೇಡಿ, ಡಬ್ಬವನ್ನೂ ಅಷ್ಟೇ. ಜನ ಹೊಗೆಗೆ ಹೆದರುತ್ತಾರೆ, ಆದರೆ ಮನೆಮಟ್ಟದ ಕೆಲಸದಲ್ಲಿ ಹೆಚ್ಚಿನ ಸೀಸ ಮೈಗೆ ಸೇರುವುದು ಕೈಯಿಂದ ಬಾಯಿಗೆ. ಗಟ್ಟಿ ಮುಟ್ಟಿದ ಕೈಯಲ್ಲಿ ಎಲೆಅಡಿಕೆ ಹಾಕುವುದು, ಬೀಡಿ ಸೇದುವುದು, ಅದೇ ಬಟ್ಟೆಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುವುದು. ಅರ ಉಜ್ಜಿದ ಪುಡಿ, ಕರಗಿಸುವಾಗ ಮೇಲೆ ಬರುವ ಕಿಟ್ಟ, ಇವೇ ಕೆಟ್ಟವು. ಮಕ್ಕಳ ಮೈ ದೊಡ್ಡವರಿಗಿಂತ ಹಲವು ಪಟ್ಟು ಹೆಚ್ಚು ಸೀಸ ಹೀರುತ್ತದೆ, ಅದು ಮಿದುಳಿನ ಬೆಳವಣಿಗೆಗೇ ಹೊಡೆತ ಕೊಡುತ್ತದೆ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುವುದು ಅವರ 2021ರ ಸೂಚನೆ.

ಅಂಗಳದ ಆಚೆ, ಮಕ್ಕಳು ಆಡದ ಕಡೆ ಮಾಡಿ. ಅದಕ್ಕೇ ಅಂತ ಒಂದು ಜೊತೆ ಬಟ್ಟೆ ಇಟ್ಟುಕೊಂಡು ಬೇರೆಯಾಗಿ ಒಗೆಯಿರಿ. ಕೈ ಬರೀ ನೀರಿನಲ್ಲಿ ತೊಳೆದರೆ ಸಾಲದು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಸಾಂದ್ರತೆ ನೋಡಿದ ನೀರನ್ನು ಬಾವಿಕಟ್ಟೆ ಹತ್ತಿರ, ತರಕಾರಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಮನೆಯಲ್ಲಿ ಬಸುರಿಯರು ಇದ್ದರೆ ಈ ಕೆಲಸ ಮನೆಯ ಹತ್ತಿರ ಬೇಡವೇ ಬೇಡ.

ಬೀಸುಬಲೆ_ಕುಂದಾಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ತಕ್ಕಡಿ ಹೊರಗೇ ಇರುತ್ತದೆ, ಅಡುಗೆಮನೆಗೆ ಬೇರೆ ತಂದೆವು. ಚಿಕ್ಕಮ್ಮನಿಗೂ ತಿಳಿಸಿ ಹೇಳಿದೆ.

ಅಳತೆ ಹೀಗಿದೆ. ಚೂಪು ಅಂಚಿನದು 1,820 ಗ್ರಾಂ, ನೀರಲ್ಲಿ 177. ಭಾಗಿಸಿದರೆ 10.28. ಕಡುಬೂದಿನದು 2,150 ಗ್ರಾಂ, ನೀರಲ್ಲಿ 190, ಅಂದರೆ 11.32. ಹೊಳೆಯುವ ಪಟ್ಟಿಗಳನ್ನು ಒಟ್ಟಿಗೆ ಕಟ್ಟಿ ತೂಗಿದೆ, 640 ಗ್ರಾಂ, ನೀರಲ್ಲಿ 73, ಬಂದದ್ದು 8.77. ನಾಲ್ಕನೆಯದು 1,405 ಗ್ರಾಂ, ನೀರಲ್ಲಿ 197, ಅದು 7.13.

ಚೂಪು ಅಂಚಿನದರ ಮೂಲೆ ಒಂದೇ ಏಟಿಗೆ ಮುರಿಯಿತು, ಒಳಗೆ ಹರಳು ಹರಳು. ಎಚ್‌ಬಿ ಪೆನ್ಸಿಲ್ ಜಾರುತ್ತದೆ, ಎಚ್ ಕೆತ್ತುತ್ತದೆ. ಹಿತ್ತಾಳೆ ಚೂರು ಏನೂ ಕಾಣಲಿಲ್ಲ. ಕಡುಬೂದಿನದು ಬಾಗುತ್ತದೆ, ಮುರಿಯುವುದೇ ಇಲ್ಲ. ಮೊಳೆ ಕೇಸು ಎರಡು ಇವೆ ಸರ್, ಮುಟ್ಟದೆ ಹಾಗೇ ಇಟ್ಟಿದ್ದೇನೆ.

ಪಟ್ಟಿಗಳು ಮತ್ತು ನಾಲ್ಕನೆಯದು ಏನಿರಬಹುದು? 7.13 ಅಂದರೆ ತವರಕ್ಕೂ ಸತುವಿಗೂ ನಡುವೆ ಕೂಡ ಅಲ್ಲ, ಎರಡರ ಹತ್ತಿರವೂ ಇದೆ.

ಎರಕದ_ಮನೆ

ಚೆನ್ನಾಗಿ ಅಳೆದಿದ್ದೀರಿ. ದೊಡ್ಡ ತುಂಡು ತೂಗಿದ್ದು ಒಳ್ಳೆಯದಾಯಿತು. ನಿಮ್ಮ ತಕ್ಕಡಿ ಒಂದು ಗ್ರಾಂ ಆಚೀಚೆ ಆಗಬಹುದು. 190ಕ್ಕೆ ಒಂದು ಗ್ರಾಂ ತಪ್ಪಿದರೆ ಉತ್ತರ 11.26ರಿಂದ 11.38ರ ಒಳಗೇ ಇರುತ್ತದೆ. ಸಣ್ಣ ಚೂರು ತೂಗಿದ್ದರೆ ಆ ತಪ್ಪೇ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಎರಡನೆಯದು ಮೆತ್ತಗಿನ ಸೀಸ, ಸಂಶಯ ಬೇಡ. ಒಂದೆರಡು ಭಾಗ ಏನಾದರೂ ಬೆರೆತಿರಬಹುದು, ಗುಂಡಿಗೆ ಅದರಿಂದ ತೊಂದರೆ ಇಲ್ಲ.

ಮೂರನೆಯದು ಸೀಸ ತವರ ಎರಡೇ ಇರುವ ಲೋಹ ಅಂತ ಹಿಡಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತವರ ಅನ್ನುತ್ತದೆ ಲೆಕ್ಕ. ಪಟ್ಟಿಯ ರೂಪ, ಹೊಳಪು ನೋಡಿದರೂ ಬೆಸುಗೆ ಲೋಹವೇ. ಅಂದರೆ ಕಲಾಯಿಗೆ ಕೊಟ್ಟಿದ್ದರೆ ಪಾತ್ರೆಗೆ ಅರ್ಧಕ್ಕರ್ಧ ಸೀಸ ಬಳಿದಂತೆ ಆಗುತ್ತಿತ್ತು. ಖಚಿತ ಮಾಡಿಕೊಳ್ಳಬೇಕು ಅಂದರೆ ಬೆಸುಗೆ ಕಡ್ಡಿ ತಾಗಿಸಿ, 183 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ. ಸೀಸಕ್ಕೆ 327 ಬೇಕು, ತವರಕ್ಕೆ 232. ಇದನ್ನು ಸೀಸದ ರೇಟಿಗೆ ಮಾರಬೇಡಿ. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಮೇಲೆ.

ನಾಲ್ಕನೆಯದಕ್ಕೆ ಸಾಂದ್ರತೆ ಸಾಲದು. ನೀವು ಹೇಳಿದ್ದು ಸರಿ, 7.14 ಸತು, 7.29 ತವರ, ಒಂದು ಚೂರು ಒಳಗೆ ಗಾಳಿ ಇದ್ದರೂ ಎರಡೂ ಒಂದೇ ಆಗುತ್ತವೆ. ತವರವಾದರೆ ಚಾಕುವಿನಿಂದ ಹೆರೆಯಬಹುದು, ತೆಳುವಾದ ತುಂಡನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಒಳಗೆ ಚರಚರ ಸದ್ದು ಬರುತ್ತದೆ. ನೀವು ಗಡಸು ಅಂದಿರಿ. ಅರದಿಂದ ಉಜ್ಜಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ತೊಟ್ಟು ಬಿಡಿ, ತಣ್ಣಗಿನ ಗಟ್ಟಿ ಮೇಲೆ, ಬಯಲಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಕೂಡಲೇ ಬುಸ್ ಅಂತ ಗುಳ್ಳೆ ಎದ್ದರೆ ಸತು. ಸೀಸ, ತವರ ತಣ್ಣಗೆ ಇದ್ದಾಗ ಆಸಿಡ್‌ಗೆ ಹಾಗೆ ನೊರೆ ಎಬ್ಬಿಸುವುದಿಲ್ಲ. ಸತು ಅಂತಾದರೆ ಹಾಗೇ ಬೇರೆ ಮಾರಿಬಿಡಿ. ಸೀಸದ ಪಾತ್ರೆಗೆ ಸ್ವಲ್ಪ ಸತು ಬಿದ್ದರೂ ಲೋಹ ಗಂಜಿ ಗಂಜಿಯಾಗುತ್ತದೆ, ಅಚ್ಚು ತುಂಬುವುದಿಲ್ಲ, ಮನೆಯಲ್ಲಿ ಅದನ್ನು ಬೇರೆ ಮಾಡುವುದು ದೊಡ್ಡ ರಗಳೆ. ಅದಕ್ಕೇ ಗ್ಯಾಲ್ವನೈಸ್ ಬಕೆಟ್ಟಿನಲ್ಲಿ ಸೀಸ ಕರಗಿಸಬಾರದು, ಅದರ ಲೇಪವೂ ಸತುವೇ. ಕಬ್ಬಿಣದ ಬಾಣಲೆ ಬಳಸಿ.

ಮೊದಲನೆಯದು ಲೈನೊಟೈಪ್ ತರಹದ ಲೋಹ. ಪೂರ್ತಿ ಖಾತ್ರಿ ಬೇಕಾದರೆ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇರುವ ಮೀಟರ್ ಸಾಕು. ಮುರಿದ ಮೂಲೆಯನ್ನು ಸಣ್ಣ ಕಬ್ಬಿಣದ ಸೌಟಿನಲ್ಲಿ ಕರಗಿಸಿ, ತಂತಿ ಮುಳುಗಿಸಿ, ಉರಿ ತೆಗೆದು ಸುಮ್ನೆ ನೋಡುತ್ತಾ ಕೂರಿ. ಸಂಖ್ಯೆ ಇಳಿಯುತ್ತಾ ಇಳಿಯುತ್ತಾ 240ರ ಹತ್ತಿರ ಬಂದು ಅಲ್ಲೇ ನಿಂತು, ಲೋಹ ಒಮ್ಮೆಗೇ ಗಟ್ಟಿಯಾಗಿ, ಆಮೇಲೆ ಮತ್ತೆ ಇಳಿದರೆ ಅದು ಲೈನೊಟೈಪ್. 280ರಿಂದಲೇ ಮುದ್ದೆಯಾಗಲು ಶುರುವಾಗಿ 183ರವರೆಗೂ ಮುದ್ದೆಯಾಗೇ ಉಳಿದರೆ ಇಪ್ಪತ್ತು ಭಾಗ ತವರದ ಬೆಸುಗೆ ಲೋಹ. ನಿಮ್ಮದು ಮುರಿದಿರುವುದರಿಂದ ನನಗೆ ಅದು ಬೆಸುಗೆ ಲೋಹ ಅನ್ನಿಸುವುದಿಲ್ಲ.

ಶೇಕಡಾವಾರು ಪಕ್ಕಾ ಬೇಕು, ಬರಹದಲ್ಲಿ ಬೇಕು ಅಂದರೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಲೋಹ ಪರೀಕ್ಷೆ ಲ್ಯಾಬಿಗೆ ಒಂದು ತುಂಡು ಕೊಡಿ. ಚಿನ್ನದಂಗಡಿಯ ಎಕ್ಸ್‌ರೇ ಯಂತ್ರದಲ್ಲೂ ಕೆಲವರು ನೋಡಿಸುತ್ತಾರೆ, ಆದರೆ ಅದನ್ನು ಚಿನ್ನಕ್ಕೆ ಹೊಂದಿಸಿರುತ್ತಾರೆ, ಮೇಲ್ಮೈ ಮಾತ್ರ ಓದುತ್ತದೆ. ಏನೇನಿದೆ ಅಂತ ತಿಳಿಯಬಹುದು, ಎಷ್ಟಿದೆ ಅನ್ನುವುದನ್ನು ನಂಬಬೇಡಿ.

ಹೊಳೆದಂಡೆ_ಗಾಳ

ಮಧ್ಯೆ ಬಾಯಿ ಹಾಕ್ತೇನೆ ಮಾರಾಯ್ರೆ. ಬಲೆಗೆ ಮೆತ್ತಗಿನದು ಸರಿ. ಗಾಳಕ್ಕೆ ಹಾಕುವ ಗುಂಡಿಗೆ ಸ್ವಲ್ಪ ಗಡಸು ಇದ್ದರೆ ಬಂಡೆಗೆ ಬಡಿದರೂ ಚಪ್ಪಟೆ ಆಗುವುದಿಲ್ಲ. ಒಂದು ಕಿಲೋ ಲೈನೊಟೈಪಿಗೆ ಮೂರು ಕಿಲೋ ಮೆತ್ತಗಿನ ಸೀಸ ಸೇರಿಸಿದರೆ ಆಂಟಿಮನಿ ನೂರಕ್ಕೆ ಮೂರು, ತವರ ಒಂದು ಆಗುತ್ತದೆ, ಒಳ್ಳೆ ಎರಕ ಬರುತ್ತದೆ. ಬ್ಯಾಟರಿ ಸೀಸ ಸೇರಿಸಿದರೂ ನಡೆಯುತ್ತದಾ? ಗುಜರಿಯಲ್ಲಿ ಅದೇ ಅಗ್ಗ.

ಎರಕದ_ಮನೆ

ಬ್ಯಾಟರಿ ಬೇಡ. ಪ್ಲೇಟಿನಲ್ಲಿ ಆಸಿಡ್ ಇರುತ್ತದೆ. ಅದನ್ನು ಕರಗಿಸಿದಾಗ ಬರುವ, ಕ್ಯಾಲ್ಸಿಯಂ, ಆಂಟಿಮನಿ, ಆರ್ಸೆನಿಕ್ ಸೇರಿರುವ ಕಿಟ್ಟಕ್ಕೆ ನೀರು ತಾಗಿದರೆ ಆರ್ಸಿನ್, ಸ್ಟಿಬಿನ್ ಅನ್ನುವ ವಿಷಗಾಳಿ ಬರಬಹುದು. ಮನೆಯಲ್ಲಿ ಬ್ಯಾಟರಿ ಒಡೆಯುವುದು 2022ರ ಬ್ಯಾಟರಿ ತ್ಯಾಜ್ಯ ನಿಯಮಕ್ಕೂ ವಿರುದ್ಧ. ಹಳೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ.

ಇನ್ನು ನಿಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದ್ದು ನೀರು. ಮಳೆಗಾಲದಲ್ಲಿ ಗಟ್ಟಿಯ ಸಂದಿನಲ್ಲಿ, ಅಚ್ಚಿನಲ್ಲಿ ತೇವ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕರಗಿದ ಸೀಸದೊಳಗೆ ಒಂದು ಹನಿ ಹೋದರೂ ಅದು ಒಮ್ಮೆಗೇ ಆವಿಯಾಗಿ ಇಡೀ ಬಾಣಲೆಯ ಸೀಸವನ್ನು ಮುಖಕ್ಕೆ ಎರಚುತ್ತದೆ. ಸಾಂದ್ರತೆ ನೋಡಲು ನೀರಿಗೆ ಇಳಿಸಿದ ಗಟ್ಟಿಗಳಂತೂ ಚೆನ್ನಾಗಿ ಬಿಸಿಲಲ್ಲಿ ಒಣಗಬೇಕು. ಒಲೆ ಉರಿಸುವ ಮೊದಲೇ, ಬಾಣಲೆ ತಣ್ಣಗಿರುವಾಗಲೇ ಗಟ್ಟಿ ಇಟ್ಟು ನಿಧಾನ ಬಿಸಿ ಮಾಡಿ. ಕರಗಿದ್ದಕ್ಕೆ ಇನ್ನೊಂದು ಗಟ್ಟಿ ಸೇರಿಸಬೇಕಾದರೆ ಅದನ್ನು ಮೊದಲು ಬಾಣಲೆಯ ಅಂಚಿನ ಹತ್ತಿರ ಕಾಯಿಸಿ. ಅಚ್ಚನ್ನೂ ಕಾಯಿಸಿ. ಉದ್ದ ತೋಳಿನ ಹತ್ತಿ ಬಟ್ಟೆ, ಮುಖಕ್ಕೆ ಶೀಲ್ಡ್, ಶೂ.

ಮೊಳೆಪೆಟ್ಟಿಗೆ

ಗಾಳದವರೇ, ನಿಮ್ಮ ಲೆಕ್ಕ ಸರಿ ಇದೆ, ಆದರೆ ನಾನು ಒಪ್ಪುವುದಿಲ್ಲ. ಮೆತ್ತಗಿನ ಸೀಸ ಎಲ್ಲ ಗುಜರಿಯಲ್ಲೂ ಸಿಗುತ್ತದೆ. ತವರ, ಆಂಟಿಮನಿ ಸರಿಯಾದ ಅಳತೆಯಲ್ಲಿ ಬೆರೆತ ಮೊಳೆ ಲೋಹ ಸಿಗುವುದಿಲ್ಲ. ಒಮ್ಮೆ ಸೀಸ ಸುರಿದರೆ ಮತ್ತೆ ಅದನ್ನು ಮೊಳೆ ಲೋಹ ಮಾಡಲು ತವರವನ್ನೂ ಆಂಟಿಮನಿಯನ್ನೂ ಕೊಂಡು ತಂದು ಬೆರೆಸಬೇಕು, ಆಂಟಿಮನಿ ತಾನಾಗಿ ಕರಗಲು 630 ಡಿಗ್ರಿ ಬೇಕು. ಕೈಮುದ್ರಣ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗಲೂ ಇದ್ದಾರೆ, ಅವರಿಗೆ ಬೇಕು.

ಕುಂದಾಪುರದವರೇ, ಚೂಪು ಅಂಚಿನ ಗಟ್ಟಿಗಳು ಎಷ್ಟಿವೆಯೋ ಅಷ್ಟನ್ನೂ ಒಂದೊಂದಾಗಿ ತೂಗಿ ನೋಡಿ, ಒಂದನ್ನು ನೋಡಿ ಉಳಿದದ್ದೂ ಹಾಗೇ ಅಂತ ಬಿಡಬೇಡಿ. ಬೇರೆ ಬೇರೆ ದಿನ ಹೊಯ್ದದ್ದರಲ್ಲಿ ಬೇರೆ ಬೇರೆ ಬೆರಕೆ ಇರುತ್ತದೆ. 9.6ರ ಹತ್ತಿರ ಬಂದರೆ ಅದು ಒಂದೊಂದೇ ಅಕ್ಷರ ಎರಕ ಹೊಯ್ಯುವ ಮೊನೊಟೈಪ್ ಯಂತ್ರದ ಬಗೆಯದು, ಅದನ್ನು ಬೇರೆ ಕಟ್ಟಿಡಿ. 11ರ ಹತ್ತಿರ ಬಂದರೆ ಬಹುಶಃ ಲೆಡ್ ಪಟ್ಟಿ ಕರಗಿಸಿದ್ದು, ಬೇಕಾದರೆ ಅದನ್ನು ಗಾಳದವರಿಗೆ ಕೊಡಿ.

ಬೀಸುಬಲೆ_ಕುಂದಾಪುರ

ಆಸಿಡ್ ಬಿಟ್ಟು ನೋಡಿದೆ, ತೊಟ್ಟು ಬಿದ್ದ ಕೂಡಲೇ ನೊರೆ ಎದ್ದಿತು. ನಾಲ್ಕನೆಯದು ಸತುವೇ. ಅದನ್ನು ಬೇರೆ ಚೀಲಕ್ಕೆ ಹಾಕಿ ಗುಜರಿಗೆ ಕಳಿಸುತ್ತೇನೆ. ಬೆಸುಗೆ ಪಟ್ಟಿ ನಮ್ಮೂರಿನ ರೇಡಿಯೇಟರ್ ರಿಪೇರಿಯವರು ತೆಗೆದುಕೊಳ್ಳುತ್ತಾರಂತೆ, ತವರದ ಪಾಲು ಲೆಕ್ಕ ಹಾಕಿಯೇ ರೇಟು ಮಾತಾಡುತ್ತೇನೆ.

ಮೊಳೆ ಲೋಹ ಕರಗಿಸುವುದಿಲ್ಲ. ಎಲ್ಲ ಗಟ್ಟಿ ತೂಗಿದ ಮೇಲೆ ಪಟ್ಟಿ ಹಾಕುತ್ತೇನೆ, ಬೇಕಾದ ಮುದ್ರಣದವರು ಇಲ್ಲೇ ಕೇಳಬಹುದು. ಬಲೆಯ ಗುಂಡು ಮಳೆ ಕಳೆದು ಬಿಸಿಲು ಬಂದ ಮೇಲೆ.